ಗುರುಸಿದ್ದವ್ವನ ಕೈಗೊಂದು ಸಾಕ್ಷಿ

ಸಾರವಾಡದಲ್ಲಿ ಹೆಣ್ಣುಮಗಳು ಏನು ತಪ್ಪು ಮಾಡಿದರೂ ಮಾಫಿ ಉಂಟು, ಜೋಳದ ರೊಟ್ಟಿ ಬಡಿಯಲಿಕ್ಕೆ ಬರದಿದ್ದರೆ ಮಾತ್ರ ಇಲ್ಲ. ಗುರುಸಿದ್ದವ್ವನಿಗೆ ಅರವತ್ತಾರು ತುಂಬಿತು, ಗಂಡ ತೀರಿ ಒಂಬತ್ತು ವರ್ಷವಾಯಿತು, ಇನ್ನೂ ಒಂದು ರೊಟ್ಟಿ ದುಂಡಗಾಗಿರಲಿಲ್ಲ. ಅರ್ಧ ಕಲ್ಲಿಗೇ ಅಂಟಿ ಉಳಿಯುವುದು, ಅರ್ಧ ಹಂಚಿಗೆ ಬೀಳುವುದು, ನಡುವಿನ ತುಂಡು ಒಲೆಯೊಳಗಿನ ಅಗ್ನಿದೇವನಿಗೆ ನೈವೇದ್ಯ. (ಆ ಮನೆಯಲ್ಲಿ ಅಗ್ನಿದೇವ ಎಂದೂ ಉಪವಾಸ ಇದ್ದವನಲ್ಲ.) ಚಹಾ ಕಪ್ಪಿಗಿಂತ ಬಶಿಗೆ ಹೆಚ್ಚು, ಬಶಿಗಿಂತ ಸೀರೆಗೆ ಹೆಚ್ಚು. ನಲವತ್ತೆಂಟು ವರ್ಷ ದಾಟಿದ ಹೊಸ್ತಿಲನ್ನು ದಿನಾ ಹೊಸದಾಗಿ ಎಡವುತ್ತಿದ್ದಳು.

ಇದಕ್ಕೆಲ್ಲ ಶಾವಂತ್ರೆವ್ವ ಒಂದೇ ಬಿರುದು ಕೊಟ್ಟಿದ್ದಳು: "ಲಕ್ಷ್ಯಗೇಡಿ." ಶಾವಂತ್ರೆವ್ವ ಗುರುಸಿದ್ದವ್ವನ ದೊಡ್ಡವ್ವನ ಮಗಳು. ತಿಕೋಟಾದ ಒಂದೇ ಓಣಿಯಲ್ಲಿ ಕೂಡಿ ಬೆಳೆದು, ಅಣ್ಣತಮ್ಮಂದಿರನ್ನು ಲಗ್ನವಾಗಿ, ಒಂದೇ ಮನೆಗೆ ನೆಗೆಣ್ಣಿಯರಾಗಿ ಬಂದವರು. ಹೀಗಾಗಿ ಆ ಬಾಯಿಯಿಂದ ಗುರುಸಿದ್ದವ್ವನಿಗೆ ತವರಿನಲ್ಲೂ ಬಿಡುಗಡೆ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ.

ಈ ವರ್ಷ ಮೊಮ್ಮಗಳು ನೇತ್ರಾಳನ್ನು ಜಲನಗರದ ಡಾಕ್ಟರಿಗೆ ತೋರಿಸಿದರು. ಸಾಲಿಯಲ್ಲಿ ಅಕ್ಷರ ಗೆರೆ ಬಿಟ್ಟು ಓಡುತ್ತಿದ್ದವು, ಅಂಗಿಯ ಗುಂಡಿ ಹಾಕಲಿಕ್ಕೆ ಬರುತ್ತಿರಲಿಲ್ಲ. ಸೊಸೆ ರಾಜೇಶ್ವರಿ ತಿರುಗಿ ಬಂದು ಹೇಳಿದಳು: "ಡಿಸ್‌ಪ್ರಾಕ್ಸಿಯಾ ಅಂತರಿ ಅತ್ತಿ. ಬುದ್ಧಿ ಚುರುಕ ಐತಿ, ಲಕ್ಷ್ಯನೂ ಐತಿ. ತಲಿ ಹೇಳಿದ್ದು ಕೈಗೆ ಬರೋಬ್ಬರಿ ಮುಟ್ಟಂಗಿಲ್ಲಂತ. ಹುಟ್ಟಾ ಬರ್ತೈತಂತ. ಮನಿತನದಾಗ ಮತ್ತ್ಯಾರಿಗರ ಇರಬಹುದು ಅಂದ್ರು."

ಗುರುಸಿದ್ದವ್ವನ ಕೈಯೊಳಗಿನ ಚಟ್ನಿಯ ಬಟ್ಟಲು ದೊಪ್ಪನೆ ಬಿತ್ತು. (ಹೇಗಿದ್ದರೂ ಅದು ಬೀಳುವುದಿತ್ತು ಬಿಡ್ರಿ.)

"ನನ್ನೂ ಕರಕೊಂಡ ಹೋಗ. ನನಗೂ ಆ ಕಾಗದ ಬೇಕು."

"ಈ ವಯಸ್ಸಿನಾಗ ಕಾಗದ ತಗೊಂಡ ಏನ್ ಮಾಡ್ತೀರಿ? ನೀವೇನು ಸಾಲಿಗೆ ಹೋಗವ್ರೇನು?"

"ಲಕ್ಷ್ಯಗೇಡಿ ಅಲ್ಲಂತ ಬರಸ್ಕೊಂಡ ಬರ್ತೀನಿ. ನಿಮ್ಮ ಮಾವ ಜಲ್ಮಪೂರ್ತಿ ಹರಕ ರೊಟ್ಟಿ ತಿಂದು 'ಇರಲಿ ಬಿಡು' ಅಂದ್ರು. ನಾ ಮನಸ್ಸಿಟ್ಟು ಮಾಡಂಗಿಲ್ಲಂತ ತಿಳಕೊಂಡ ಹೋದ್ರು. ನಾ ಹೋಗೂದ್ರೊಳಗ ಖರೇ ಏನಂತ ಗೊತ್ತಾಗಬೇಕು."

ರಾಜೇಶ್ವರಿ ಬಸ್ಸಿನ ಹೊತ್ತು ಕೇಳಲಿಕ್ಕೆ ಎದ್ದಳು.

ನಾಲ್ಕು ಸೋಮವಾರ ಬಸ್ಸು ಹತ್ತಿದರು. ಡಾಕ್ಟರ್ ಆರತಿಬಾಯಿ ಮಣಿ ಪೋಣಿಸಲಿಕ್ಕೆ ಕೊಟ್ಟರು. ಮಣಿಗಳೆಲ್ಲ ದವಾಖಾನೆ ತುಂಬ ದಿಗ್ವಿಜಯಕ್ಕೆ ಹೊರಟವು. ಒಂಟಿ ಕಾಲಲ್ಲಿ ನಿಲ್ಲಿರಿ ಎಂದರು. ಗುರುಸಿದ್ದವ್ವ ನಿಂತಳು, ಆದರೆ ಡಾಕ್ಟರ ಹೆಗಲು ಹಿಡಿದು. ರಕ್ತ ನೋಡಿದರು, ನರ ನೋಡಿದರು.

"ಅಮ್ಮಾ, ವಯಸ್ಸಾದ ಮ್ಯಾಲ ಬರೂ ನರದ ತ್ರಾಸ ಏನೂ ಕಾಣಂಗಿಲ್ಲ. ಆದ್ರ ಸಣ್ಣಾಕಿದ್ದಾಗಿಂದ ಹಿಂಗ ಇತ್ತು ಅಂತ ಹೇಳವ್ರೊಬ್ರು ಬೇಕು. ಆಗ ನಿಮ್ಮನ್ನ ನೋಡಿದವ್ರು ಯಾರದಾರ?"

ಗುರುಸಿದ್ದವ್ವ ಕಣ್ಣು ಮುಚ್ಚಿದಳು. ಹೆತ್ತವರು ಹೋಗಿದ್ದರು, ಒಡಹುಟ್ಟಿದವರು ಹೋಗಿದ್ದರು. ಭಗವಂತ ಗಟ್ಟಿಯಾಗಿ ಉಳಿಸಿದ್ದು ಒಬ್ಬಳನ್ನೇ.

"ನಾ ಯಾಕ ಬರಲಿ ಬೇ?" ಎಂದಳು ಶಾವಂತ್ರೆವ್ವ.

"ಅಕ್ಕಾ, ನಿನ್ನ ಕಾಲ ಬೀಳ್ತೀನಿ. ದಿನಾ ನನಗ ಏನ ಅಂತೀ, ಅದನ್ನ ಅಲ್ಲಿ ಬಂದು ಅಂದ್ರ ಸಾಕು."

ಇಂಥ ಆಮಂತ್ರಣ ಯಾರಿಗೆ ಸಿಗುತ್ತದೆ? ಶಾವಂತ್ರೆವ್ವ ಇಳಕಲ್ ಸೀರೆ ಉಟ್ಟು ಹೊರಟಳು.

ದವಾಖಾನೆಯಲ್ಲಿ ಆರತಿಬಾಯಿ ಪೆನ್ನು ಹಿಡಿದು ಕೇಳಿದರು: "ಇವ್ರು ಸಣ್ಣಾಕಿದ್ದಾಗ ಹೆಂಗಿದ್ರರಿ?"

ಶಾವಂತ್ರೆವ್ವ ಡಾಕ್ಟರನ್ನು ನೋಡಿದಳು, ಪೆನ್ನು ನೋಡಿದಳು, ಕಾಗದ ನೋಡಿದಳು. ಕತ್ತು ನೆಟ್ಟಗಾಯಿತು.

"ನಮ್ಮ ತಂಗೀರೀ? ಬಂಗಾರದಂಥಾಕಿ. ಕೈಗೆಲಸದಾಗ ಎತ್ತಿದ ಕೈ. ರೊಟ್ಟಿ ಬಡದ್ಲಂದ್ರ ಹುಣ್ಣವಿ ಚಂದ್ರಾಮ ನೋಡ್ರಿ."

"ಎಡವಿ ಬೀಳತಿದ್ರೇನ್ರಿ?"

"ಛೇ ಛೇ! ಜಿಂಕಿ ಓಡಿದಂಗ ಓಡತಿದ್ಲರಿ."

"ಅಕ್ಕಾ! ಏನ್ ಹೇಳಾಕತ್ತೀ ನೀ?"

"ಸುಮ್ ಕುಂದ್ರ ಬೇ," ಶಾವಂತ್ರೆವ್ವ ಪಿಸುಗುಟ್ಟಿದಳು. "ಮನ್ಯಾಗ ಸಾವಿರ ಅಂತೀನಿ. ಮನಿ ಮರ್ಯಾದಿ ತಂದು ಮಂದಿ ಮುಂದ ಹರಾಜ ಹಾಕಲೇನು?"

ಆ ಬಾಯಿಯಿಂದ ಒಂದು ಒಳ್ಳೆಯ ಮಾತು ಬಂದೀತೇ ಎಂದು ಗುರುಸಿದ್ದವ್ವ ಬುದ್ಧಿ ಬಂದಾಗಿನಿಂದ ಕಾದಿದ್ದಳು. ಬಂತು ನೋಡ್ರಿ, ಬರಬಾರದ ದಿನವೇ ಬಂತು. ಆರತಿಬಾಯಿ ಪೆನ್ನಿನ ಮುಚ್ಚಳ ಹಾಕಿದರು. ನಾಲ್ಕು ಸೋಮವಾರ ನೀರಿಗೆ ಹೋದವು.

ಆದರೆ ಗುರುಸಿದ್ದವ್ವ ಸೆರಗು ಬಿಗಿದು ಕೂತಳು. "ಮುಚ್ಚಳ ತಗೀರಿ ಬಾಯಾರ, ಬರಕೋರಿ. ಅಕ್ಕ ಹೇಳಿದ್ದೆಲ್ಲಾ ಖರೇ. ನಮ್ಮ ಮನ್ಯಾಗ ರೊಟ್ಟಿ ಅಂದ್ರ ನಂದ. ಅಕ್ಕನ ರೊಟ್ಟಿ ನನ್ನ ರೊಟ್ಟಿ ಮುಂದ ಏನೂ ಅಲ್ಲ."

ಶಾವಂತ್ರೆವ್ವ ದಡಕ್ಕನೆ ಎದ್ದು ನಿಂತಳು.

"ಏನಂದಿ? ನನ್ನ ರೊಟ್ಟಿ? ಬಾಯಾರ, ಬರಕೋರಿ ಈಗ! ಐದು ವರ್ಷದಾಕಿ ಕುಂಟಾಟ ಆಡಾಕ ಹೋಗಿ ತಿಪ್ಪ್ಯಾಗ ಬಿದ್ಲು. 'ಅ' ಬರಿ ಅಂದ್ರ ಪಾಟಿ ಒಡದ್ಲು, ಅದೂ ನನ್ನ ಪಾಟಿ! ಲಗ್ನದಾಗ ಗಂಡಗ ಮಾಲಿ ಹಾಕಾಕ ಹೋಗಿ ಬಾಸಿಂಗ ಕಿತ್ತಿ ಮಂತ್ರಾ ಹೇಳೂ ಅಯ್ನಾರ ಉಡಿಯಾಗ ಒಗದ್ಲು. ಶ್ಯಾವಿಗಿ ಹೊಸಿ ಅಂದ್ರ ಹಗ್ಗ ಹೊಸದ್ಲು! ಈಕೀಗೆ ರೊಟ್ಟಿ ಕಲಿಸಾಕ ಒಂದು ತಿಂಗಳು ಬಾಜೂಕ ಕುಂತೀನ್ರಿ ನಾ. ಅಳಕೋತ ಬಡೀತಿದ್ಲು. ಕೈಗೆ ಗುಳ್ಳಿ ಎದ್ರೂ ಕಲ್ಲ ಬಿಟ್ಟು ಏಳಲಿಲ್ಲ. ಮ್ಯಾಲ ಇನ್ನೊಂದು, ಮ್ಯಾಲ ಇನ್ನೊಂದು... ಒಂದೂ ಬರಲಿಲ್ಲ!"

ಆರತಿಬಾಯಿ ಬರೆಯುತ್ತಿದ್ದವರು ತಲೆ ಎತ್ತಿದರು. "ಗುಳ್ಳಿ ಎದ್ರೂ ಬಿಡಲಿಲ್ಲೇನ್ರಿ? ಅಂದ್ರ ಲಕ್ಷ್ಯ ಇತ್ತು."

ಶಾವಂತ್ರೆವ್ವ ತಂಗಿಯ ಕೈ ನೋಡಿದಳು. ಮೆಲ್ಲಗೆ ಕೂತಳು.

"ಇತ್ತರಿ," ಎಂದಳು.

ಕಾಗದ ಸಿಕ್ಕಿತು. ಡಿಸ್‌ಪ್ರಾಕ್ಸಿಯಾ, ಹುಟ್ಟಿನಿಂದ ಬಂದದ್ದು, ಲಕ್ಷ್ಯದ ಕೊರತೆ ಅಲ್ಲ. ಗುರುಸಿದ್ದವ್ವ ಅದನ್ನು ಕೈಯಿಂದ ಮುಟ್ಟಲಿಲ್ಲ. "ರಾಜೇಶ್ವರೀ, ಮೊದಲ ಪ್ಲಾಸ್ಟಿಕ್ ಹಾಕಸು. ಸಂಜೀಕ ಇದರ ಮ್ಯಾಲ ಚಹಾ ಬೀಳೂದೈತಿ." (ಬಿತ್ತು ಕೂಡ. ಒರೆಸಿದರು.)

ಊರಿಗೆ ಬಂದ ಮೇಲೆ ಓಣಿಯ ಹೆಂಗಸರಿಗೆ ಕಾಗದ ತೋರಿಸುವ ಗತ್ತಿನಲ್ಲಿ ಗುರುಸಿದ್ದವ್ವ ಕಟ್ಟೆಗೆ ಬಂದರೆ, ಅದು ಆಗಲೇ ಶಾವಂತ್ರೆವ್ವನ ಕೈಯಲ್ಲಿತ್ತು. "ನಾಕ ಸೋಮಾರ ಡಾಕ್ಟರ ಕೈಗೆ ಹತ್ತದ ಬ್ಯಾನಿ ಬೇ ಇದು. ನಾ ಬಾಯಿ ಬಿಟ್ಟ ಮ್ಯಾಲ ಸಿಕ್ತು!"

ಹೋಗಲಿ, ಲಕ್ಷ್ಯಗೇಡಿ ಅನ್ನುವುದಾದರೂ ನಿಂತಿತಲ್ಲ ಎಂದು ಗುರುಸಿದ್ದವ್ವ ಸಮಾಧಾನ ಮಾಡಿಕೊಂಡಳು. ಮರುದಿನ ಊಟಕ್ಕೆ ಕೂತಾಗ ಶಾವಂತ್ರೆವ್ವ ಸಾರು ಬಾಯಿಗಿಟ್ಟು ಕೇಳಿದಳು:

"ತಂಗೀ, ಸಾರಿಗೆ ಎರಡ ಸಲ ಉಪ್ಪ ಹಾಕೀಯಲ್ಲ?"

"ನನ್ನ ಬ್ಯಾನಿ ಅಕ್ಕಾ. ಕಾಗದ ನೋಡಿಲ್ಲೇನು?"

"ನೋಡೀನಿ. ಕೈಗೆ ಬ್ಯಾನಿ, ಲಕ್ಷ್ಯ ಬರೋಬ್ಬರಿ ಐತಿ ಅಂತ ಸಹಿ ಮಾಡಿ ಕೊಟ್ಟಾರ. ಲಕ್ಷ್ಯ ಇದ್ದಾಕಿ ಎರಡ ಸಲ ಯಾಕ ಹಾಕಿದಿ?"

ಗುರುಸಿದ್ದವ್ವ ರಾಜೇಶ್ವರಿಯಿಂದ ಕಾಗದ ಮೇಲಿಂದ ಕೆಳಗಿನವರೆಗೆ ಎರಡು ಸಲ ಓದಿಸಿದಳು. ಉಪ್ಪಿನ ಮಾತು ಎಲ್ಲೂ ಇರಲಿಲ್ಲ.

"ರಾಜೇಶ್ವರೀ," ಎಂದಳು ಸೆರಗು ಬಿಗಿದು, "ಸೋಮಾರ ಜಲನಗರಕ್ಕ ಹೋಗೂದೈತಿ. ಅಕ್ಕಾ, ನೀನೂ ಇಳಕಲ್ ಸೀರಿ ತಗದಿಡು."