ಬಸುರಿ ಮೀನಿಗೆ ಹಸಿರು ಬಳೆ

ಥೇಮ್ಸ್ ನದಿಯಲ್ಲಿ ಮೂರಡಿ ಉದ್ದದ ಬಾಸ್ ಮೀನನ್ನು ಬರಿಗೈಯಲ್ಲಿ ಹಿಡಿದು, ಮುಖ ನೋಡಿ, ಪಾಪ ಅನ್ನಿಸಿ ವಾಪಸ್ ಬಿಟ್ಟ ಮೊದಲ ಕನ್ನಡಿಗ ನಾನೇ.

ಸುಳ್ಳು. ಬಾಸ್ ಮೀನನ್ನು ನಾನು ನೋಡಿದ್ದು ಮಾರ್ಕೆಟ್ಟಿನ ಐಸಿನ ಮೇಲೆ. ಮುಖ ನೋಡಿದ್ದು ಅದು, ನನ್ನದನ್ನು. ಆದರೆ ಇನ್ನು ಮುಂದೆ ಹೇಳುವುದೆಲ್ಲ ನಿಜ, ಅಥವಾ ನಿಜದ ಪಕ್ಕದ ಮನೆಯದು. ಲಂಡನ್ನಿಗೆ ಬಂದ ಮೇಲೆ ಮೀನಿನ ವಿಷಯದಲ್ಲಿ ನನಗಾದಷ್ಟು ಆಘಾತ ಚಳಿಯಿಂದಲೂ ಆಗಿಲ್ಲ. ಒಂದರಿಂದ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದು ಬಂದು ಬೆಲ್ ಒತ್ತುತ್ತದೆ.

ಪರಿಚಯದ್ದಾ?

ನಾನು ಕುಂದಾಪುರದವನು. ತೊಂಬತ್ತರ ದಶಕದ ಶುರುವಿನಲ್ಲಿ ಬಂದು ಕ್ವೀನ್ಸ್‌ಬರಿಯ ಒಂದು ಹೋಟೆಲಿನ ಅಡುಗೆಮನೆ ಸೇರಿಕೊಂಡೆ. ಒಂದು ರಜೆಯ ದಿನ ಗ್ರೀನ್‌ಫರ್ಡ್‌ನ ಗೋಡೌನುಗಳ ಹಿಂದಿರುವ ಕಾಲುವೆಯ ಪಕ್ಕ ಸುತ್ತಾಡಲು ಹೋಗಿದ್ದೆ. ಅಲ್ಲೊಬ್ಬ ಇಂಗ್ಲಿಷ್ ಅಜ್ಜ ಜಡಿಮಳೆಯಲ್ಲಿ ಛತ್ರಿ ನೆಟ್ಟುಕೊಂಡು ಗಾಳ ಹಾಕಿ ಕೂತಿದ್ದ. ನಾನೂ ಹಿಂದೆ ನಿಂತೆ. ಎರಡು ಗಂಟೆ ಕಳೆಯಿತು. ಕೊನೆಗೆ ಬಂತು ನೋಡಿ, ಬ್ರೀಮ್ ಅಂತ, ಊಟದ ತಟ್ಟೆಯಷ್ಟಗಲದ ಮೀನು! ನಾನು ಮನಸ್ಸಿನಲ್ಲೇ ಹುಣಸೆಹಣ್ಣು ನೆನೆಹಾಕಿ, ಕೊತ್ತಂಬರಿ ಹುರಿದು, ತೆಂಗಿನಕಾಯಿ ಅರೆಯುವ ಹಂತಕ್ಕೆ ಬಂದಿದ್ದೆ. ಅಜ್ಜ ಮೀನನ್ನು ತೂಗಿದ, ಅದರ ಬೆನ್ನು ಸವರಿದ, ಬಗ್ಗಿ ನೀರಿನ ಹತ್ತಿರ ಹಿಡಿದ. ಪುಳಕ್! ಹೋಯಿತು.

"ಅಯ್ಯೋ, ಜಾರಿತಲ್ಲ ಮಾರಾಯ!" ಅಂತ ಕೂಗಿ ನಾನು ಬೂಟು ಸಮೇತ ಸೊಂಟದವರೆಗೆ ನೀರಿಗಿಳಿದೆ.

ಅಜ್ಜ ಗಾಬರಿಯಾಗಿ ಎದ್ದು ನಿಂತ. "ಏನು ಮಾಡ್ತಿದ್ದೀಯ?"

"ನಿಮ್ಮ ಮೀನು ಹುಡುಕ್ತಾ ಇದ್ದೇನೆ."

"ಅದು ಜಾರಲಿಲ್ಲ. ನಾನೇ ಬಿಟ್ಟೆ."

ನೀರಿನ ಚಳಿ ನನಗೆ ಆಗ ಗೊತ್ತಾಯಿತು. ಎರಡು ಗಂಟೆ ಕಾದು ಹಿಡಿದದ್ದನ್ನು, ಎಚ್ಚರವಿದ್ದಾಗಲೇ, ತನ್ನ ಕೈಯಾರೆ ಬಿಡುವುದೆಂದರೆ! "ಯಾಕೆ? ಪರಿಚಯದ್ದಾ?" ಅಂದೆ.

"ಹೌದು," ಅಂದ ಅಜ್ಜ ಗಂಭೀರವಾಗಿ. "ಹೋದ ತಿಂಗಳೂ ಇದನ್ನೇ ಹಿಡಿದಿದ್ದೆ."

ಮುಂದಿನವರು ಬರಬಹುದು

ಈ ಕತೆಯನ್ನು ನಾನು ಎಲ್ಲರಿಗೂ ಹೇಳಿಕೊಂಡು ನಕ್ಕೆ. ನಗದವರು ಒಬ್ಬರೇ, ಎಜ್‌ವೇರಿನಲ್ಲಿದ್ದ ನನ್ನ ಸ್ನೇಹಿತ ಡಾಕ್ಟರು. ಮೈಸೂರಿನವರು, ಸರ್ಜನ್. ಮನುಷ್ಯರ ಹೊಟ್ಟೆ ಕೊಯ್ಯುತ್ತಾರೆ, ಆದರೆ ಬದನೆಕಾಯಿಯಲ್ಲಿ ಹುಳ ಕಂಡರೆ ಅದನ್ನು ಹಿತ್ತಿಲಿಗೆ ಕೊಂಡೊಯ್ದು ಬಿಟ್ಟು ಬರುತ್ತಾರೆ. ಅವರಿಗೆ ಬ್ಲಡ್ ಪ್ರೆಷರ್ ಇತ್ತು. ಅವರ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, "ಏನಾದರೂ ಶಾಂತವಾದ ಹವ್ಯಾಸ ಇಟ್ಕೊಳ್ಳಿ" ಅಂದಿದ್ದರಂತೆ.

"ಅಲ್ಲಯ್ಯಾ, ಹಿಡಿದು ಬಿಟ್ಟುಬಿಡೋದಾದ್ರೆ ಪಾಪ ಎಲ್ಲಿ ಬಂತು?" ಅಂದರು ಡಾಕ್ಟರು.

ತಮಾಷೆ ಅಂದುಕೊಂಡೆ. ಮುಂದಿನ ಶನಿವಾರ ಅವರು ಲೈಸೆನ್ಸು, ಕೋಲು, ಬಲೆ, ಮಡಚುವ ಕುರ್ಚಿ ಎಲ್ಲ ಹಿಡಿದು ನನ್ನ ಫ್ಲಾಟಿನ ಮುಂದೆ ನಿಂತಾಗ ಬಾಯಿ ತೆರೆದು ನಿಂತೆ. ಎರೆಹುಳ ಚುಚ್ಚಲು ಅವರು ಒಪ್ಪಲಿಲ್ಲ, ಅದಕ್ಕೂ ಜೀವ ಇದೆಯಲ್ಲ. ಬದಲಿಗೆ ಕಡಲೆಹಿಟ್ಟು, ಬೆಲ್ಲ, ಮುಕ್ಕಾಲು ಚಮಚ ಇಂಗು ಹಾಕಿ ಉಂಡೆ ಕಟ್ಟಿ ತಂದಿದ್ದರು. ಊರಾಚೆಯ ಕೆರೆಯ ದಡದಲ್ಲಿ ಡಬ್ಬಿ ತೆರೆದದ್ದೇ ತಡ, ಆ ಕಡೆ ಈ ಕಡೆ ಕೂತಿದ್ದ ಇಂಗ್ಲಿಷರು ಕುರ್ಚಿ ಎತ್ತಿಕೊಂಡು ದೂರ ಹೋದರು. ಮೀನುಗಳು ಮಾತ್ರ ಹತ್ತಿರ ಬಂದವು. ನಂಬಿ, ಕ್ಯೂ ನಿಂತು ಬಂದವು!

ಡಾಕ್ಟರು ಪ್ರತಿ ಮೀನನ್ನೂ ಒದ್ದೆ ಟವೆಲಿನ ಮೇಲೆ ಮಲಗಿಸಿ, ಆಸ್ಪತ್ರೆಯ ಫೋರ್ಸೆಪ್ಸ್ ತೆಗೆದು, "ಸ್ವಲ್ಪ ನೋವಾಗುತ್ತೆ, ಈಗ ಆಗಿಹೋಯ್ತು" ಅಂತ ಕೊಕ್ಕೆ ಬಿಡಿಸಿ ನೀರಿಗೆ ಬಿಡುತ್ತಿದ್ದರು. ಬಿಟ್ಟಾದ ಮೇಲೆ ಕೆರೆಯ ಕಡೆ ತಿರುಗಿ, ಅಭ್ಯಾಸಬಲದಿಂದ, "ಮುಂದಿನವರು ಬರಬಹುದು" ಅನ್ನುತ್ತಿದ್ದರು.

ದುಪಟ್ಟದ ಹಿಂದಿನ ದನಿ

ಇಲ್ಲೊಂದು ಕಾನೂನು ಹೇಳಬೇಕು. ಮಾರ್ಚ್ ನಡುವಿನಿಂದ ಜೂನ್ ನಡುವಿನವರೆಗೆ ಮೀನು ಮೊಟ್ಟೆ ಇಡುವ ಕಾಲ. ಆಗ ನದಿಯಲ್ಲಿ ಗಾಳ ಹಾಕುವಂತಿಲ್ಲ. ಹಿಡಿದು ಬಿಟ್ಟೆ ಅಂದರೂ ತಪ್ಪೇ, ಕೇಸೇ. ಕೆರೆಯಲ್ಲಾದರೆ, ಯಜಮಾನ ಒಪ್ಪಿದರೆ ಹಾಕಬಹುದು. "ಕೆರೆ ಮೀನು ಬಸುರಿ ಆಗೋದಿಲ್ವಾ?" ಅಂತ ನಾನು ಗಾಳದ ಅಂಗಡಿಯವನನ್ನು ಕೇಳಿದೆ. "ರೂಲ್ಸ್ ಮಾಡಿದ್ದು ನಾನಲ್ಲ" ಅಂದ. ಇದನ್ನೆಲ್ಲ ಕಾಯಲು ಬೇಲಿಫ್ ಅಂತ ಒಬ್ಬ ಇರುತ್ತಾನೆ, ಮೀನುಗಳ ಪೊಲೀಸು ಅಂದುಕೊಳ್ಳಿ.

ಆ ವರ್ಷ ಡಾಕ್ಟರಿಗೆ ಕನ್ಸಲ್ಟೆಂಟ್, ಅಂದರೆ ಆಸ್ಪತ್ರೆಯ ಹಿರಿಯ ಡಾಕ್ಟರ ಹುದ್ದೆಯ ಇಂಟರ್‌ವ್ಯೂ ಇತ್ತು. ಹತ್ತು ವರ್ಷ ಕಾದಿದ್ದ ಹುದ್ದೆ. ಅರ್ಜಿಯಲ್ಲಿ 'ನಿಮ್ಮ ಮೇಲೆ ಯಾವುದಾದರೂ ಕೇಸು ಇದೆಯೇ' ಅಂತ ಒಂದು ಪ್ರಶ್ನೆ. ಅದನ್ನು ನೋಡಿಯೇ ಅವರಿಗೆ ಬೆವರು. ಇಂಥ ಮನುಷ್ಯ ಪಕ್ಕದಲ್ಲಿರುವಾಗ ನಾನು ಸುಮ್ಮನಿರಲಿ ಅಂದರೆ ಹೇಗೆ? ಫೋನಿಗೆ ದುಪಟ್ಟ ಸುತ್ತಿ, ಗಂಟಲು ದಪ್ಪ ಮಾಡಿ, ಇಂಗ್ಲಿಷಿನಲ್ಲಿ ಶುರು ಮಾಡಿದೆ. "ನಾನು ವಾಟರ್ ಬೇಲಿಫ್. ನಿಮ್ಮ ವಿಷಯ ಎಲ್ಲ ಗೊತ್ತಾಗಿದೆ."

ಆ ಕಡೆ ಕುರ್ಚಿ ಕಿರುಗುಟ್ಟಿತು. ಆಮೇಲೆ ಡಾಕ್ಟರು ತಾವಾಗಿ ಒಪ್ಪಿಕೊಳ್ಳತೊಡಗಿದರು. "ಸರ್, ಸೀಸನ್ನಿನ ಕೊನೆಯ ದಿನ ನದಿಯಿಂದ ಗಾಳ ಎತ್ತುವಾಗ ನಾನು ವಾಚು ನೋಡಲಿಲ್ಲ. ಲೈಬ್ರರಿ ಪುಸ್ತಕ ಒಂದು ದಿನ ತಡ ಮಾಡಿದ್ದೇನೆ. ಟ್ಯೂಬ್ ಸ್ಟೇಷನ್ನಿನ ಎಸ್ಕಲೇಟರಿನಲ್ಲಿ ಬಲಗಡೆ ನಿಲ್ಲಬೇಕಾದವನು ಒಂದು ಸಲ ಎಡಗಡೆ ನಿಂತಿದ್ದೆ, ಸರ್."

ನನಗೆ ತಡೆಯಲಾಗಲಿಲ್ಲ, ನಕ್ಕುಬಿಟ್ಟೆ. ಡಾಕ್ಟರಿಗೆ ನನ್ನ ನಗುವಿನ ಗುರುತು ಸಿಕ್ಕಿತು. ಆಮೇಲೆ ಮೈಸೂರಿನ ಬಾಯಲ್ಲಿ ಬರಬಾರದ ಮಾತುಗಳು ಬಂದವು. ಕೊನೆಗೆ ಅಂದರು: "ಇನ್ನು ಮೇಲೆ ಸಾಕ್ಷಾತ್ ಬೇಲಿಫ್ ಬಂದು ನಿಂತರೂ ನಿನ್ನ ಕಡೆಯವನು ಅಂತಲೇ ತಿಳ್ಕೋತೀನಿ!"

ಆ ಮಾತು ನೆನಪಿಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ.

ಬರಿಗೈಲಿ ಕಳಿಸಿದೆಯಾ!

ಮೇ ತಿಂಗಳಲ್ಲಿ ಡಾಕ್ಟರ ತಾಯಿ ಮೈಸೂರಿನಿಂದ ಬಂದಿದ್ದರು. ಮಗ ಶನಿವಾರ ಬೆಳಿಗ್ಗೆ ವಾಕಿಂಗ್ ಹೋಗುತ್ತಾನೆ ಅಂತಲೇ ಅವರಿಗೆ ಗೊತ್ತಿದ್ದದ್ದು. ಹೀಗಿರುವಾಗ, ಡಾಕ್ಟರು ಕೆರೆಯ ದಡದಲ್ಲಿ ದಪ್ಪ ಬ್ರೀಮ್ ಒಂದನ್ನು ಮಗುವಿನ ಹಾಗೆ ಎತ್ತಿಕೊಂಡಿರುವ ಫೋಟೋ ಅಮ್ಮನ ಸ್ತೋತ್ರದ ಪುಸ್ತಕದೊಳಗೆ ಸಿಕ್ಕಿತು. ಅದು ಅಲ್ಲಿಗೆ ಹೇಗೆ ಈಜಿಕೊಂಡು ಹೋಯಿತೋ, ದೇವರಿಗೇ ಗೊತ್ತು.

ನಾನು ಆಗ ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಡಾಕ್ಟರ ಮುಖ ಸುಣ್ಣ. "ತಿಂದಿಲ್ಲಮ್ಮ! ಹಿಡಿದು ಬಿಟ್ಟುಬಿಟ್ಟೆ. ಬಂದು ಸ್ನಾನಾನೂ ಮಾಡಿದೀನಿ."

ಅಮ್ಮ ಕನ್ನಡಕ ಏರಿಸಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಅದಿರ್ಲಿ. ಇದರ ಹೊಟ್ಟೆ ಯಾಕೋ ಹೀಗಿದೆ?"

"ಅದು... ಮೊಟ್ಟೆ ಇಡೋ ಕಾಲಮ್ಮ."

ಅಮ್ಮ ಕೂತೇಬಿಟ್ಟರು. "ಅಯ್ಯೋ ಪಾಪಿ! ತುಂಬಿದ ಬಸುರಿ ಕಣೋ! ಆ ತಾಯಿನ ದಡಕ್ಕೆ ಕರೆದು, ತುಟಿಗೆ ಕೊಕ್ಕೆ ಚುಚ್ಚಿ, ಫೋಟೋ ತೆಗೆಸ್ಕೊಂಡು, ಒಂದು ಚಿಟಿಕೆ ಕುಂಕುಮ ಕೊಡದೆ ಬರಿಗೈಲಿ ಕಳಿಸಿದೆಯಾ? ನಮ್ಮ ಮನೇಲಿ ಯಾರಾದ್ರೂ ಹೀಗೆ ಮಾಡಿದಾರಾ?"

"ನಿಮ್ಮ ಮನೇಲಿ ಯಾರೂ ಮೀನೇ ಹಿಡಿದಿಲ್ಲಮ್ಮ," ಅಂದೆ ನಾನು.

"ನೀನು ಬಾಯ್ಮುಚ್ಕೊಂಡು ಕಾಫಿ ಕುಡಿ!" ಮತ್ತೆ ಮಗನ ಕಡೆ ತಿರುಗಿದರು. "ಸೋಮವಾರ ಇಂಟರ್‌ವ್ಯೂ ಇಟ್ಕೊಂಡು ಬಸುರಿ ಹೊಟ್ಟೆ ಉರಿಸ್ತಾರೇನೋ? ನಾಳೆನೇ ಹೋಗಿ ಮಡಿಲು ತುಂಬಿ ಬರೋಣ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಕಾಫಿ ಕುಡಿದೆ.

ಕೊಕ್ಕೆ ಎಲ್ಲಿ?

ಮರುದಿನ ಬೆಳಿಗ್ಗೆ ಹೋದೆವು. ಅಮ್ಮನ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ತಂಬಿಟ್ಟು. ಶುಭಕಾರ್ಯ ಅಂತ ಡಾಕ್ಟರು ಇಂಟರ್‌ವ್ಯೂಗೆ ಹೊಲಿಸಿದ ಹೊಸ ಕೋಟು ತೊಟ್ಟಿದ್ದರು. ಕೆರೆಗೆ ಹೋದರೆ ಗೇಟಿಗೆ ಬೀಗ, ಯಾವುದೋ ಕ್ಲಬ್ಬಿನವರ ಸ್ಪರ್ಧೆ ಒಳಗೆ. ಪಕ್ಕದಲ್ಲೇ ನದಿ ಹರಿಯುತ್ತಿತ್ತು.

"ನೀರೆಲ್ಲಾ ಒಂದೇ," ಅಂದರು ಅಮ್ಮ.

ಡಾಕ್ಟರು 'ಮೀನು ಹಿಡಿಯಬಾರದು' ಅನ್ನುವ ಬೋರ್ಡನ್ನು ಎರಡು ಸಲ ಓದಿದರು. "ನಾವೇನು ಹಿಡೀತೀವಾ? ಕೊಡೋಕೆ ಬಂದಿರೋದು," ಅಂದೆ ನಾನು. ಆದರೆ ಬಳೆ ನೀರಿಗೆ ಎಸೆದರೆ ಯಾರ ಕಾಲಿಗಾದರೂ ಚುಚ್ಚುತ್ತದೆ, ಮೀನಿಗೆ ಮುಟ್ಟಿಸಿ ವಾಪಸ್ ತೆಗೆದುಕೊಳ್ಳಬೇಕು ಅಂತ ಅಮ್ಮನ ಅಪ್ಪಣೆ. ನಾನು ಉದ್ದದ ಒಣ ಕೊಂಬೆ ಹುಡುಕಿ, ಹೂ ಕಟ್ಟುವ ದಾರ ಬಿಗಿದು, ದಾರದ ತುದಿಗೆ ತಂಬಿಟ್ಟು, ಎರಡು ಬಳೆ, ರವಿಕೆ ಕಣದ ತುಂಡು ಕಟ್ಟಿದೆ. "ತಪ್ಪು ಮಾಡಿದವನೇ ಹಿಡೀಬೇಕು," ಅಂದರು ಅಮ್ಮ. ಡಾಕ್ಟರು ಕೋಲು ಹಿಡಿದು ದಾರವನ್ನು ನೀರಿಗೆ ಇಳಿಬಿಟ್ಟರು. ಅಮ್ಮ ಮೆಲ್ಲಗೆ ಸೋಬಾನೆ ಶುರು ಮಾಡಿದರು.

ಒಂದು ಹೆಜ್ಜೆ ಹಿಂದೆ ಸರಿದು ನೋಡಿದೆ. ಆಗ ಅರ್ಥವಾಯಿತು. ಕೋಲು, ದಾರ, ತಿಂಡಿ, ಹೊಳೆಯುವ ಬಳೆ. ಮೇ ತಿಂಗಳು. ನದಿ.

"ಗುಡ್ ಮಾರ್ನಿಂಗ್," ಅಂತ ಹಿಂದಿನಿಂದ ಒಂದು ದನಿ. "ಇದು ಮುಚ್ಚಿದ ಸೀಸನ್ ಅಂತ ಗೊತ್ತಾ, ಸರ್?"

ಹಸಿರು ಕೋಟು, ಟೋಪಿ, ಎದೆಯ ಮೇಲೆ ಬಿಲ್ಲೆ. ಡಾಕ್ಟರು ಅವನನ್ನು ಮೇಲಿಂದ ಕೆಳಗೆ ನೋಡಿ, ನನ್ನ ಕಡೆ ತಿರುಗಿ, ಕಣ್ಣು ಹೊಡೆದರು!

"ಟೋಪಿ ಚೆನ್ನಾಗಿದೆ," ಅಂದರು ಅವನಿಗೆ. "ಎಲ್ಲಿಂದ ಬಾಡಿಗೆಗೆ ತಂದೆ?"

"ಏನಂದ್ರಿ?"

"ಹೊಟ್ಟೆ ಸ್ವಂತದ್ದೋ, ದಿಂಬು ಕಟ್ಟಿದ್ದೀಯೋ?"

"ಸ್ವಂತದ್ದು," ಅಂದ ಅವನು, ಮುಖ ಬೀಟ್‌ರೂಟಿನಂತಾಗಿ.

ನಾನು ಕನ್ನಡದಲ್ಲಿ ಪಿಸುಗುಟ್ಟಿದೆ. "ಡಾಕ್ಟ್ರೇ, ಇವನು ನನ್ನವನಲ್ಲ ಮಾರಾಯ್ರೆ! ತಾಯಾಣೆ, ನಿಜವಾದವನು!"

"ನಿನ್ನ ತಾಯಾಣೆ ನಾನು ವಾರಕ್ಕೆ ಎರಡು ಸಲ ಕೇಳ್ತೀನಿ." ಮತ್ತೆ ಇಂಗ್ಲಿಷಿನಲ್ಲಿ, "ಪುಸ್ತಕ ತಂದಿಲ್ವಾ? ತೆಗಿ, ಬರ್ಕೋ!" ಅಂತ ತಮ್ಮ ಪೂರ್ತಿ ಹೆಸರು, ತಂದೆಯ ಹೆಸರು, ಮನೆ, ಆಸ್ಪತ್ರೆ, ವಾರ್ಡ್ ನಂಬರು ಎಲ್ಲ ನಿಧಾನವಾಗಿ ಅಕ್ಷರ ಬಿಡಿಸಿ ಹೇಳಿದರು. ಹೇಳುತ್ತಿರುವಾಗಲೇ ದಾರ ಜಗ್ಗಿತು. ಡಾಕ್ಟರ ಕೈ ತಾನಾಗಿ ಮೇಲೆ ಹೋಯಿತು. ತಂಬಿಟ್ಟು ಕಚ್ಚಿದ ಬೆಳ್ಳಿ ಬಣ್ಣದ ಮೀನೊಂದು ಎಲ್ಲರ ಕಣ್ಣೆದುರು ಗಾಳಿಯಲ್ಲಿ ಅರೆಗಳಿಗೆ ತೂಗಿ, ಬಾಯಿ ಬಿಟ್ಟು, ಪುಳಕ್ಕನೆ ನೀರಿಗೆ ಬಿತ್ತು.

ಬೇಲಿಫ್ ಜೇಬಿನಿಂದ ಸರ್ಕಾರಿ ಮುದ್ರೆಯ ಕಾರ್ಡು ತೆಗೆದು ಡಾಕ್ಟರ ಮೂಗಿನ ಮುಂದೆ ಹಿಡಿದ. ಡಾಕ್ಟರು ಕಾರ್ಡಿನ ಫೋಟೋ ನೋಡಿದರು, ಅವನ ಮುಖ ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲಿ ರಕ್ತ ಇರಲಿಲ್ಲ. ಆಪರೇಷನ್ ಥಿಯೇಟರಿನಲ್ಲಿ ಒಂದು ದಿನವೂ ಒಂದು ಕತ್ತರಿಯನ್ನೂ ಕೆಳಗೆ ಹಾಕದ ಆ ಕೈ ಕೋಲನ್ನು ಬಿಟ್ಟಿತು. ದಾರದ ತುದಿಯ ಬಳೆಗಳು ಘಲ್ ಘಲ್ ಅಂದವು.

ಬೇಲಿಫ್ ದಾರ ಎಳೆದುಕೊಂಡು ತುದಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಕೊಕ್ಕೆ ಎಲ್ಲಿ?"

"ಏನಂತೆ ಅವನಿಗೆ?" ಅಂದರು ಅಮ್ಮ.

"ಕೊಕ್ಕೆ ಎಲ್ಲಿ ಅಂತ ಕೇಳ್ತಿದಾನಮ್ಮ," ಅಂದರು ಡಾಕ್ಟರು, ದನಿ ಬಾವಿಯ ತಳದಿಂದ ಬಂದ ಹಾಗೆ.

"ಬಸುರಿಗೆ ಕೊಕ್ಕೆ ಹಾಕ್ತಾರಾ? ಬುದ್ಧಿ ಇದೆಯಾ ಇವನಿಗೆ? ಕೇಳೋ!"

ಡಾಕ್ಟರು ಕೇಳಲಿಲ್ಲ. ಇರುವ ವಿಷಯ ಇರುವ ಹಾಗೆ ಹೇಳಿದರು: ಫೋಟೋ, ಹೊಟ್ಟೆ, ಕುಂಕುಮ, ಬಳೆ. ಬೇಲಿಫ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಅಮ್ಮ ಅವನ ಕೈಗೊಂದು ತಂಬಿಟ್ಟು ಇಟ್ಟರು. ಅವನು ಮೂಸಿ, ಕಚ್ಚಿ, ಪೂರ್ತಿ ತಿಂದ. ಪುಸ್ತಕದಲ್ಲಿ ಬರೆದ: ಕೊಕ್ಕೆ, ಇಲ್ಲ. ಹಿಡಿದದ್ದು, ಇಲ್ಲ. ಉದ್ದೇಶ... ಅಲ್ಲಿ ಪೆನ್ನು ನಿಂತಿತು. "ಸೀಮಂತ," ಅಂದೆ ನಾನು. ಅಕ್ಷರ ಬಿಡಿಸಿ ಹೇಳು ಅಂದ. ಹೇಳಿದೆ.

"ನನ್ನ ಮಟ್ಟಿಗೆ ಮುಗೀತು," ಅಂದ. "ಆದರೆ ವರದಿ ಆಫೀಸಿಗೆ ಹೋಗುತ್ತೆ. ಕೇಸು ಹಾಕೋದು ಬಿಡೋದು ಮೇಲಿನವರ ಇಷ್ಟ." ಎರಡು ಹೆಜ್ಜೆ ಹೋಗಿ ತಿರುಗಿ ಬಂದ. "ಇನ್ನೊಂದು ಉಂಡೆ ಸಿಗುತ್ತಾ?"

ಬಾಗಿಲಲ್ಲಿ ನಿಂತು

ಸೋಮವಾರ ಮಧ್ಯಾಹ್ನ ಹೋಟೆಲಿಗೆ ಡಾಕ್ಟರ ಫೋನು ಬಂತು. "ಹೋಯ್ತಯ್ಯಾ," ಅಂದರು. ಅಷ್ಟೇ.

"ಎಂತ ಹೋಯ್ತು?"

"ಹತ್ತು ವರ್ಷ." ಫೋನ್ ಇಟ್ಟರು.

ಅಂಥ ಆಘಾತ ನನಗೆ ಅದಕ್ಕೆ ಮೊದಲೂ ಆಗಿಲ್ಲ, ಆಮೇಲೂ ಆಗಿಲ್ಲ. ಕಟ್ಟಿದ ಏಪ್ರನ್ನಿನಲ್ಲೇ ಬಸ್ಸು ಹತ್ತಿ ಎಜ್‌ವೇರಿಗೆ ಓಡಿದೆ. ಡಾಕ್ಟರು ಬಾಗಿಲನ್ನು ಒಂದು ಗೇಣು ತೆರೆದು ಮುಖ ಮಾತ್ರ ತೋರಿಸಿದರು. ನಾನು ಕೈಮುಗಿದೆ.

"ಡಾಕ್ಟ್ರೇ, ಎಲ್ಲಾ ನನ್ನಿಂದ. ನಾನೇ ಹೋಗಿ ಅವರ ಕಾಲು ಹಿಡೀತೇನೆ. ಆ ಫೋನು ನಾನು ಮಾಡದಿದ್ರೆ ನೀವು ಅವನ ಹೊಟ್ಟೆ ವಿಷಯ ಎತ್ತುತ್ತಿರಲಿಲ್ಲ. ನಿಮ್ಮ ಕಾರಿಗೆ 'ಮಾರಾಟಕ್ಕಿದೆ' ಅಂತ ಚೀಟಿ ಅಂಟಿಸಿದ್ದೂ ನಾನೇ. ನಿಮಗೆ ಅರವತ್ತು ತುಂಬಿತು ಅಂತ ನರ್ಸುಗಳಿಗೆ ಹೇಳಿ ಕೇಕ್ ತರಿಸಿದ್ದೂ ನಾನೇ. ಅಮ್ಮನ ಸ್ತೋತ್ರದ ಪುಸ್ತಕದೊಳಗೆ ಮೀನಿನ ಫೋಟೋ ಇಟ್ಟಿದ್ದೂ..."

ಬಾಗಿಲು ಪೂರ್ತಿ ತೆರೆಯಿತು. ಡಾಕ್ಟರ ಕೊರಳಲ್ಲಿ ಮಲ್ಲಿಗೆ ಹಾರ. ಹಿಂದೆ ಅಮ್ಮ, ಒಂದು ಕೈಯಲ್ಲಿ ತಂಬಿಟ್ಟಿನ ತಟ್ಟೆ, ಇನ್ನೊಂದರಲ್ಲಿ ನನಗಾಗಿ ಮಾಡಿದ ಟೀ.

"ಕೆಲಸ ಸಿಕ್ತು," ಅಂದರು ಡಾಕ್ಟರು. "ಕೇಸು ಇಲ್ಲ ಅಂತ ಬೆಳಿಗ್ಗೆನೇ ಆಫೀಸಿನಿಂದ ಫೋನ್ ಬಂತು. ಆದರೂ ಇಂಟರ್‌ವ್ಯೂನಲ್ಲಿ ನಾನೇ ಎಲ್ಲಾ ಹೇಳಿದೆ. ಅಧ್ಯಕ್ಷರೂ ಗಾಳದವರೇ. ಉಂಡೆ ಮಾಡೋದು ಹೇಗೆ ಅಂತ ಕೇಳಿ ಬರ್ಕೊಂಡ್ರು. ನಿನಗೊಂದು ಪಾಠ ಕಲಿಸೋಣ ಅಂತ ಫೋನ್ ಮಾಡಿದೆ. ಕಾರಿನ ಚೀಟಿ ನಿಂದೇ ಅಂತ ಗೊತ್ತಿತ್ತು. ಕೇಕೂ ಗೊತ್ತಿತ್ತು." ಅಮ್ಮನ ಕಡೆ ತಿರುಗಿದರು. "ಫೋಟೋ ಗೊತ್ತಿರಲಿಲ್ಲ."

ಅಮ್ಮನ ಮುಖದ ಮೇಲಿನ ನಗು ನಿಧಾನವಾಗಿ ಇಳಿಯಿತು. "ನನ್ನ ಸ್ತೋತ್ರದ ಪುಸ್ತಕದೊಳಗಾ?" ಅಂದವರೇ ತಟ್ಟೆಯನ್ನೂ ಟೀಯನ್ನೂ ಒಳಗೆ ತೆಗೆದುಕೊಂಡು ಹೋದರು. "ಇವನಿಗೆ ಈ ಮನೇಲಿ ಇನ್ನು ಟೀ ಇಲ್ಲ!" ಅಂತ ಅಡುಗೆಮನೆಯಿಂದ ಕೇಳಿಸಿತು.

ಹೀಗೆ ನನ್ನನ್ನು ಹಿಡಿದರು, ಮುಖ ನೋಡಿದರು, ವಾಪಸ್ ಬಿಟ್ಟರು. ಬರಿಗೈಲಿ.

ಆ ಮನೆಯ ಟೀ ಅವತ್ತಿಗೆ ತಪ್ಪಿದ್ದು, ಇವತ್ತಿಗೂ ಸಿಕ್ಕಿಲ್ಲ. ಅದಕ್ಕೇ ನೋಡಿ, ನಾನು ಹೀಗೆ ಹೊರಗೆ ಕುಡಿಯಬೇಕಾಗಿ ಬಂದದ್ದು. ಈ ಟೀ ದುಡ್ಡು ನೀವೇ ಕೊಟ್ಟುಬಿಡಿ ಮಾರಾಯ್ರೆ.