ನೀರಿಗೂ ಪರೀಕ್ಷೆ, ನನಗೂ ಪರೀಕ್ಷೆ

ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ ಅಂತ ಶಾಲೆಯಲ್ಲಿ ಓದಿದ್ದೆ. ಆ ನೀರನ್ನು ಬಾಟಲಿಯಲ್ಲಿ ಹಿಡಿದುಕೊಂಡು ಬರುವ ಮಂದಿಗೆ ಮೂರೂ ಇರುತ್ತವೆ ಅಂತ ಪುಸ್ತಕದಲ್ಲಿ ಬರೆದಿರಲಿಲ್ಲ. ರಾಯಚೂರಿನ ಒಂದು ಸಣ್ಣ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೂತಿದ್ದೇನೆ. ನೀರಿನಲ್ಲಿ ಏನಿದೆ ಅಂತ ನೋಡಿ, ಯಾವ ಫಿಲ್ಟರ್ ಬೇಕು, ಯಾವುದು ಬೇಡ ಅಂತ ಹೇಳುವುದು ನನ್ನ ಕೆಲಸ. ಹೆದರಿಕೊಂಡು ಬಂದವರು ನಗುತ್ತಾ ಹೋಗುವುದೇ ಹೆಚ್ಚು. ಒಂದು ದಿನ ಇಂಥದ್ದೇನೂ ನಡೆಯದಿದ್ದರೆ, ಇವತ್ತು ಸರಕಾರಿ ರಜಾ ಇದೆಯೇನೋ ಅಂತ ಕ್ಯಾಲೆಂಡರ್ ನೋಡುತ್ತೇನೆ.

ಊರಿನ ಮರ್ಯಾದೆ

ಮಾನ್ವಿ ಕಡೆಯ ಮಲ್ಲಟದಿಂದ ಒಬ್ಬ ಹಿರಿಯರು ಬಂದಿದ್ದರು. ಹೊಸದಾಗಿ ಬೋರು ಹಾಕಿಸಿದ್ದರು. ಹಳೇ ಬೋರಿನ ನೀರಿನಲ್ಲಿ ಫ್ಲೋರೈಡ್ ಇತ್ತು. ದೊಡ್ಡ ಮೊಮ್ಮಗಳ ಹಲ್ಲಿನ ಮೇಲೆ ಕಂದು ಕಲೆ ಬಿದ್ದಿತ್ತು. ಚಿಕ್ಕ ಮೊಮ್ಮಗಳಿಗೂ ಹಾಗಾಗಬಾರದು ಅಂತ ಅವರ ಚಿಂತೆ.

"ಸ್ವಚ್ಛ ಬಾಟಲಿಯಲ್ಲಿ ನೀರು ತನ್ನಿ" ಅಂದಿದ್ದೆ. ಮರುದಿನವೇ ತಂದುಕೊಟ್ಟರು. ನೋಡಿದರೆ ಫ್ಲೋರೈಡ್ ಇಲ್ಲ, ಉಪ್ಪಿನಂಶವಂತೂ ಇಲ್ಲವೇ ಇಲ್ಲ ಅನ್ನಬೇಕು. ಬೋರಿನಿಂದ ಇಂಥ ನೀರು ಬಂದರೆ ನಾವು ಲ್ಯಾಬಿಗೆ ಬೀಗ ಹಾಕಬೇಕಾಗುತ್ತದೆ.

"ಯಜಮಾನ್ರೇ, ಖರೇ ಹೇಳ್ರಿ. ಇದು ನಿಮ್ಮ ಬೋರಿನ ನೀರೇನ್ರಿ?"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇಲ್ಲಬೇ ಯವ್ವಾ. ಸರೀಕರ ಮುಂದ ಊರ ಮರ್ಯಾದಿ ಹೋಗಬಾರದು ನೋಡು. ಬಸ್ ಸ್ಟ್ಯಾಂಡಿನ್ಯಾಗ ಸೀಲ್ ಬಾಟ್ಲಿ ತಗೊಂಡು ತಂದೆ."

ಬೈದು ಕಳಿಸಿದೆ. ಎರಡನೇ ಸಲ ಬೋರಿನ ನೀರನ್ನೇ ತಂದರು. ಪುಣ್ಯಕ್ಕೆ ಹೊಸ ಬೋರಿನಲ್ಲಿ ಫ್ಲೋರೈಡ್ ಮಿತಿಯೊಳಗೇ ಇತ್ತು. "ಚಿಂತಿ ಬಿಡ್ರಿ, ಕೂಸಿಗೆ ಇದನ್ನ ಕುಡಿಸ್ರಿ" ಅಂದೆ. ಅವರು ಕಣ್ಣು ಮುಚ್ಚಿ ಕೈಮುಗಿದರು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಆ ಮೊದಲನೇ ಬಾಟ್ಲಿದು ರಿಪೋರ್ಟ್ ಇನ್ನೂ ಛಲೋ ಇತ್ತಲ್ಲ, ಅದನ್ನೂ ಒಂದು ಕೊಡು ಯವ್ವಾ. ಬೀಗರಿಗೆ ತೋರಸ್ತೀನಿ."

ಎರಡು ಕಡ್ಡಿ

ಅಕ್ಕಿ ಗಿರಣಿ ಮಾಲೀಕರೊಬ್ಬರ ಫೋನು. "ಮೇಡಂ, ಜಲ್ದಿ ಬರ್ರಿ. ಅವ್ವ ಅಳಾಕತ್ತಾಳ."

ಹೋದೆ. ಫಿಲ್ಟರ್ ಮಾರುವವನೊಬ್ಬ ಬಂದು ಕರೆಂಟು ಹರಿಸಿದ ಎರಡು ಕಬ್ಬಿಣದ ಕಡ್ಡಿಗಳನ್ನು ನಳದ ನೀರಿನಲ್ಲಿ ಇಳಿಬಿಟ್ಟಿದ್ದ. ಗ್ಲಾಸಿನ ನೀರು ಹುಣಸೆಹುಳಿಯಂತೆ ಕಂದಾಗಿ ಮೇಲೆ ಕೆನೆಗಟ್ಟಿತ್ತು. ಅದೇ ಕಡ್ಡಿಗಳನ್ನು ತನ್ನ ಫಿಲ್ಟರಿನ ನೀರಿಗೆ ಇಳಿಸಿದರೆ ಏನೂ ಆಗಿರಲಿಲ್ಲ. ಮಾಲೀಕರ ತಾಯಿ, ವಯಸ್ಸಾದ ಅಜ್ಜಿ, ಗ್ಲಾಸು ಹಿಡಿದು ಗೋಳಾಡುತ್ತಿದ್ದಳು: "ಎಪ್ಪತ್ತು ವರ್ಷ ಇದನ್ನ ಕುಡಿದೀನಲ್ಲಬೇ!"

ನಾನು ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು ತಂದು ಅವನ ಫಿಲ್ಟರ್ ನೀರಿಗೆ ಹಾಕಿ, ಕಡ್ಡಿ ಇಳಿಸಿ ಅಂದೆ. ಅದು ಮೊದಲಿನದಕ್ಕಿಂತ ಹೊಲಸಾಯಿತು. "ನೀರಿನ್ಯಾಗ ಉಪ್ಪು ಇದ್ರ ಕರೆಂಟ್ ಹರೀತದ, ಕಡ್ಡಿ ಕರಗಿ ತುಕ್ಕು ಬಿಡ್ತದ. ಅದು ನೀರಿನ ಹೊಲಸಲ್ಲ ಯವ್ವಾ" ಅಂದೆ. ಮಾರುವವನು ಚೀಲ ಕಟ್ಟಿಕೊಂಡು ಹೊರಟ.

ಆಮೇಲೆ ಸರಿಯಾಗಿ ಪರೀಕ್ಷೆ ಮಾಡಿದೆ. ನಳದಲ್ಲಿ ಬರುವುದು ಹೊಳೆಯ ನೀರು, ಉಪ್ಪಿನಂಶ ಕಡಿಮೆ. ಅದಕ್ಕೆ ಅವನು ಹೇಳಿದ ದೊಡ್ಡ ಫಿಲ್ಟರ್ ಬೇಕಾಗಿರಲಿಲ್ಲ. ಆದರೆ ಮಾಳಿಗೆ ಮೇಲಿನ ಟ್ಯಾಂಕಿನಿಂದ ರೋಗಾಣು ಸೇರುತ್ತಿದ್ದವು. ಟ್ಯಾಂಕು ತೊಳೆಸಿ, ರೋಗಾಣು ಕೊಲ್ಲುವ ಸಾದಾ ಯುವಿ ಫಿಲ್ಟರ್ ಹಾಕಿದರೆ ಸಾಕು ಅಂದೆ.

ಅಜ್ಜಿ ಕಣ್ಣೊರೆಸಿಕೊಂಡಳು. "ಅಯ್ಯ, ನಾ ಇನ್ನ ಉಳಿಯಂಗಿಲ್ಲಂತ ಮೂರೂ ಹೆಣ್ಮಕ್ಕಳಿಗೆ ಫೋನ್ ಹಚ್ಚಿ ಬರಾಕ ಹೇಳೀನಿ. ಈಗ ಬಂದ್ರ ಏನಂತ ಹೇಳ್ಲಿ?"

ಮಗ ಅಂದರು, "ಟ್ಯಾಂಕ್ ತೊಳ್ಯಾಕ ಅಂತ ಹೇಳು."

ನಮ್ಮ ಮನೆಯದೇ

ಒಮ್ಮೆ ನಮ್ಮ ಅತ್ತೆ ಹೊಟ್ಟೆ ಕೆಟ್ಟು ಎರಡು ದಿನ ಮಲಗಿಬಿಟ್ಟರು. ಡಾಕ್ಟರು "ನೀರು ನೋಡಿಕೊಳ್ಳಿ" ಅಂದರು. ಊರಿಗೆಲ್ಲಾ ಬುದ್ಧಿ ಹೇಳುವಾಕಿಯ ಮನೆ ನೀರೇ ಕೆಟ್ಟಿದೆ ಅಂದರೆ ಲ್ಯಾಬಿನಲ್ಲಿ ಮುಖ ಎಲ್ಲಿ ಇಡಲಿ? ಯಾರಿಗೂ ಹೇಳದೆ ನಳ, ಫಿಲ್ಟರ್, ಕೊಡ, ದೇವರ ಮನೆಯ ತಂಬಿಗೆ ಎಲ್ಲದರ ನೀರನ್ನೂ ಒಯ್ದು ನೋಡಿದೆ. ಎಲ್ಲಾ ಚೊಕ್ಕ.

ಖುಷಿಯಿಂದ ಮನೆಗೆ ಬಂದು ಹೇಳಿದೆ. ಮಾವ ಪೇಪರಿನಿಂದ ಮುಖ ಎತ್ತದೆ ಅಂದರು, "ನೀರಿಂದೇನು ತಪ್ಪು ಅದವ್ವಾ? ಸಂತಿಯಿಂದ ಬರ್ತಾ ಆರು ಮಿರ್ಚಿ ಭಜಿ ತಿಂದಾಳ."

ಮಲಗಿದ್ದ ಅತ್ತೆ ಎದ್ದು ಕೂತರು. "ಆರಲ್ರೀ, ಏಳು! ಒಂದು ನಿಮ್ಮ ಪಾಲಿಂದು."

ಎರಡು ಪೈಪು

ದೇವದುರ್ಗದ ಒಬ್ಬ ಹೆಣ್ಣುಮಗಳು ಎರಡು ಬಾಟಲಿ ತಂದಳು. ಒಂದು ಬೋರಿನ ನೀರು, ಇನ್ನೊಂದು ಫಿಲ್ಟರಿನದು. ಅವರ ಬೋರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಾನೇ ಆರ್‌ಒ ಫಿಲ್ಟರ್ ಹಾಕಿಸಿ ಅಂದಿದ್ದೆ. ಈಗ ನೋಡಿದರೆ ಫಿಲ್ಟರಿನ ನೀರಿನಲ್ಲೇ ಬೋರಿಗಿಂತ ಜಾಸ್ತಿ ಫ್ಲೋರೈಡ್! ಬಾಟಲಿ ಅದಲುಬದಲಾಯಿತೇ? ನನ್ನ ಮಷಿನ್ ಕೆಟ್ಟಿತೇ? ಮೂರು ಸಲ ನೋಡಿದರೂ ಅದೇ. ಅವಳ ಮುಖ ಬಾಡಿತು. "ಮನಿಯಾಗ ಕೂಸು ಅದರೀ ಮೇಡಂ" ಅಂದಳು. ನನಗೆ ಊಟ ರುಚಿಸಲಿಲ್ಲ. ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ.

ಫಿಲ್ಟರಿನಿಂದ ಎರಡು ಪೈಪು ಹೊರಟಿದ್ದವು. ಒಂದರಿಂದ ಧಾರಾಳ ನೀರು ಬಂದು ಕುಡಿಯುವ ಕೊಡಕ್ಕೆ ಬೀಳುತ್ತಿತ್ತು. ಇನ್ನೊಂದರಿಂದ ತೊಟ್ಟುತೊಟ್ಟಾಗಿ ಬಕೆಟ್ಟಿಗೆ.

"ಇದನ್ನ ಯಾರು ಜೋಡಿಸಿದ್ರು?"

"ನಾನೇರಿ" ಅಂದ ಅವಳ ಗಂಡ, ಹೆಮ್ಮೆಯಿಂದ. "ಹೋದ ತಿಂಗಳು ಸುಣ್ಣ ಹಚ್ಚಾಕ ಬಿಚ್ಚಿದ್ದೆ. ತಿರುಗಿ ಹಚ್ಚಿದೆ. ಈ ಸಣ್ಣ ಪೈಪು ಸೋರಾಕತ್ತದ. ನೀರು ಹಾಳಾಗಬಾರದಂತ ಬಕೆಟ್ ಇಟ್ಟು ಎಮ್ಮಿಗಿ ಕುಡಸ್ತೀವಿ."

ನಾನು ಹಣೆ ಹಿಡಿದು ಕೂತೆ. ಸಣ್ಣಗೆ ಬರುವುದೇ ಶುದ್ಧ ನೀರು; ಧಾರಾಳವಾಗಿ ಬರುವುದು ಫಿಲ್ಟರ್ ಸೋಸಿದ ಫ್ಲೋರೈಡೆಲ್ಲ ಸೇರಿಸಿ ಹೊರಹಾಕುವ ಹೊಲಸು. ಒಂದು ತಿಂಗಳು ಇವರೆಲ್ಲ ಹೊಲಸು ಕುಡಿದು, ಎಮ್ಮೆಗೆ ಆರ್‌ಒ ನೀರು ಕುಡಿಸಿದ್ದರು!

"ಕೂಸಿಗೆ ಯಾವುದು ಕುಡಿಸೀರಿ?" ಅಂತ ಕೇಳಿದೆ.

"ಅದಿನ್ನೂ ಆರು ತಿಂಗಳ ಕೂಸ್ರೀ, ಬರೀ ತಾಯಿ ಹಾಲು" ಅಂದಳು ಅವಳು. ಸದ್ಯ, ಕೂಸು ಬಚಾವು. ದೊಡ್ಡವರಿಗೆ ಒಂದು ತಿಂಗಳಲ್ಲಿ ಅಂಥದ್ದೇನೂ ಆಗುವುದಿಲ್ಲ ಅಂತ ಧೈರ್ಯ ಹೇಳಿ, ಪೈಪುಗಳನ್ನು ಬದಲಿಸಿ, ಎರಡಕ್ಕೂ ಬಣ್ಣದ ದಾರ ಕಟ್ಟಿದೆ. ಅವಳು ಗಂಡನನ್ನು ನೋಡಿ "ಅದಕ್ಕ ಎಮ್ಮಿ ಅಷ್ಟು ಮಿಂಚಾಕತ್ತಿತ್ತು" ಅಂದಳು. ಎಲ್ಲರೂ ನಕ್ಕೆವು.

ಒಂದು ವಾರದ ಮೇಲೆ ಅವನದೇ ಫೋನು. ಬಹಳ ಸಣ್ಣ ದನಿ.

"ಮೇಡಂ, ನಮ್ಮದೆಲ್ಲಾ ಛಲೋ ಅದರೀ. ಆದ್ರ ಎಮ್ಮಿ ಬೋರಿನ ನೀರು ಮೂಸಿ ನೋಡಿ ಮುಖ ತಿರುಗಸ್ತದ. ಅದಕ್ಕ ಯಾವ ಕಂಪನಿ ಫಿಲ್ಟರ್ ಹಾಕಿಸ್ಲಿ?"