ಫ್ರೆಂಚ್ ಟಾಕಿಗೆ ನನ್ನ ಕನ್ನಡ

ಫ್ರೆಂಚ್ ನನಗೆ ಬರುತ್ತಿರಲಿಲ್ಲ. ಆದರೆ ಮಂಡ್ಯದಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ನಾನು ಧೈರ್ಯವಾಗಿಯೇ ಇದ್ದೆ!

ಅದು ಯುದ್ಧದ ಕಾಲ. ಗುಮಾಸ್ತನಾಗಿದ್ದ ನನಗೆ ಮದುವೆಯಾಗಿ ಮೂರು ತಿಂಗಳು. ಹೆಂಡತಿ ಸಾವಿತ್ರಿ ಮಳವಳ್ಳಿ ಕಡೆಯವಳು. ಮನೆ ತುಂಬ ಹಿರಿಯರು. ಅವರೆದುರು ಹೆಂಡತಿಯನ್ನು ಮಾತನಾಡಿಸುವ ಹಾಗಿಲ್ಲ. ಅವಳೂ ‘ಹ್ಞೂಂ’, ‘ಉಹ್ಞೂಂ’ ಬಿಟ್ಟು ಮೂರನೆಯ ಮಾತು ಆಡಿರಲಿಲ್ಲ. ಅವಳ ಬಾಯಿಂದ ಒಂದು ಇಡೀ ವಾಕ್ಯ ಕೇಳಬೇಕು, ಇದೊಂದೇ ಆಗ ನನ್ನ ಆಸೆ.

ಅಂಥ ಹೊತ್ತಿನಲ್ಲಿ ಊರಿನ ಸಿನಿಮಾ ಟೆಂಟಿಗೆ ಪುರಾಣದ ಚಿತ್ರದ ಬದಲು ತಪ್ಪಿ ಒಂದು ಹಳೆಯ ಫ್ರೆಂಚ್ ಟಾಕಿಯ ಪೆಟ್ಟಿಗೆ ಬಂತು. ಪ್ರೇಮದ ಕತೆಯಂತೆ! ಮಾಲೀಕ ಬಾಷಾ ಸಾಹೇಬರು ತಲೆ ಮೇಲೆ ಕೈಹೊತ್ತು ಕೂತರು.

"ಪರದೆ ಪಕ್ಕ ನಿಂತು ನಾನು ಕನ್ನಡದಲ್ಲಿ ಕತೆ ಹೇಳ್ತೀನಿ, ಬಿಡಿ ಸಾಹೇಬ್ರೇ" ಎಂದೆ.

ಹೆಂಗಸರ ಕಡೆ ಅಡ್ಡ ಕಟ್ಟಿದ ಬಟ್ಟೆಯಾಚೆ ಸಾವಿತ್ರಿ ಕೂತಿರುತ್ತಾಳೆ. ಪ್ರೇಮದ ಮಾತೆಲ್ಲ ಅವಳನ್ನು ತಲುಪಲಿ ಎಂಬುದು ನನ್ನ ಘನ ಉದ್ದೇಶ! ಅವಳ ಪಕ್ಕದಲ್ಲೇ ಅವ್ವನೂ ಕೂತಿರುತ್ತಾಳೆಂಬುದು ಪರದೆ ಬೆಳಗಿದ ಮೇಲೆ ಹೊಳೆಯಿತು.

ಪರದೆಯ ಮೇಲೆ ಒಬ್ಬ ಹುಡುಗ, ಹೂ ಮಾರುವ ಒಬ್ಬ ಹುಡುಗಿ. ಅವ್ವನ ಮುಂದೆ ‘ಪ್ರೇಮಿಗಳು’ ಅನ್ನಲು ನಾಲಿಗೆ ಏಳಲಿಲ್ಲ.

"ಮಹಾಜನಗಳೇ, ಇವರು ಅಣ್ಣ-ತಂಗಿ!" ಎಂದುಬಿಟ್ಟೆ.

ಹುಡುಗ ಅವಳ ಸೊಂಟ ಬಳಸಿದ. "ಬಹಳ ವರ್ಷದ ಮೇಲೆ ಸಿಕ್ಕಿದ್ದಾರೆ" ಎಂದೆ. ಮುತ್ತಿಟ್ಟ. "ಆ ದೇಶದಲ್ಲಿ ಚಳಿ ಜಾಸ್ತಿ" ಎಂದೆ. ಆಮೇಲೆ ಆ ಪಾಪಿ ಉಂಗುರ ತೊಡಿಸಿ ಅವಳನ್ನು ಮದುವೆಯಾಗಿಯೇಬಿಟ್ಟ! ನನ್ನ ಕತೆ ಮುಗಿಯಿತು.

ಬಟ್ಟೆಯಾಚೆಯಿಂದ ಅವ್ವ ಎದ್ದಳು. "ಲೇ! ಯಾವೂರ ಅಣ್ಣ-ತಂಗೀರ್ಲಾ ಅವ್ರು? ಬಾಯ್ ಮುಚ್ಕಂಡು ಕೂತ್ಕಳ್ಲಾ, ನೋಡಾಕೆ ಬುಡು!"

ಟೆಂಟಿಗೆ ಟೆಂಟೇ ನಕ್ಕಿತು. ಸಾಹೇಬರು ನನ್ನ ಕೈಹಿಡಿದು ನೆಲದ ಮೇಲೆ ಕೂರಿಸಿದರು.

ಉಳಿದದ್ದನ್ನು ಮಂಡ್ಯದ ಜನ ಫ್ರೆಂಚಿನಲ್ಲೇ ನೋಡಿದರು. ಹುಡುಗ ಯುದ್ಧಕ್ಕೆ ಹೊರಟ. ಅವನ ರೈಲಿನ ಹಿಂದೆ ಆ ಹುಡುಗಿ ಓಡಿದಾಗ ಎಲ್ಲರೂ ಮೂಗು ಒರೆಸಿಕೊಂಡರು. ನಾನೂ ಅತ್ತೆ. ಅಷ್ಟು ಚೆಂದದ ಚಿತ್ರವನ್ನು ಆಮೇಲೆ ನಾನು ನೋಡಿಲ್ಲ. ಈಗ ಆ ಟೆಂಟೂ ಇಲ್ಲ, ಅವ್ವನೂ ಇಲ್ಲ.

ಮನೆಗೆ ಬರುವಾಗ ಅವ್ವ ಮುಂದೆ, ನಾವಿಬ್ಬರು ಹಿಂದೆ. ಸಾವಿತ್ರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು.

"ನೀವು ಬಾಯ್ ಮುಚ್ಚಿದ್ ಮ್ಯಾಲೇ ಕಣ್ರೀ, ನಂಗೆ ಕತೆ ತಿಳಿದಿದ್ದು!"

ಇಡೀ ವಾಕ್ಯ! ನನ್ನ ಆಸೆ ಈಡೇರಿತು. ಆ ವಾಕ್ಯವನ್ನು ಅವಳು ಇವತ್ತಿಗೂ ದಿನಕ್ಕೊಂದು ಸಲವಾದರೂ ಆಡುತ್ತಾಳೆ.